ಹಳೆಯ ಮಟ್ಟು, ಹೊಸ ಮಾತು: ಅಮೆರಿಕದ ಜನಪದ ಸಂಗೀತವೂ ವಿದ್ಯಾರ್ಥಿಯ ಸೃಜನಶೀಲತೆಯೂ



ಹೊಸದನ್ನು ಸೃಷ್ಟಿಸುವವರು ಹಿಂದಿನವರಿಂದ ಏನನ್ನೂ ಪಡೆಯದೆ ಎಲ್ಲವನ್ನೂ ತಮ್ಮೊಳಗಿನಿಂದಲೇ ತೆಗೆಯುತ್ತಾರೆ ಎಂಬ ಭಾವನೆ ಆಧುನಿಕ ಶಿಕ್ಷಣದಲ್ಲಿ ಆಳವಾಗಿ ಬೇರೂರಿದೆ. ಕವಿತೆ ಬರೆಯಲು ಅಥವಾ ಹಾಡು ಕಟ್ಟಲು ಹೊರಟ ವಿದ್ಯಾರ್ಥಿ ಇದನ್ನು ಪ್ರಶ್ನಿಸದೆಯೇ ಒಪ್ಪಿಕೊಂಡಿರುವುದರಿಂದ, ಎಲ್ಲಿ ಯಾರದೋ ಅನುಕರಣೆಯಾಗಿಬಿಡುವುದೋ ಎಂಬ ಅಂಜಿಕೆ ಮೊದಲ ಸಾಲಿನಲ್ಲೇ ಕೈಕಟ್ಟಿ ಹಾಕುತ್ತದೆ. ಜನಪದ ಸಂಗೀತದ ಶಿಸ್ತುಬದ್ಧ ಅಧ್ಯಯನ ಈ ಅಂಜಿಕೆಯನ್ನು ಕಳೆಯುತ್ತದೆ, ಆದರೆ ಅದರ ಜಾಗದಲ್ಲಿ ಋಣದ ಅರಿವೆಂಬ ಮತ್ತೊಂದು ಹೊಣೆಯನ್ನು ತಂದಿಡುತ್ತದೆ ಎಂಬುದು ಈ ಉಪನ್ಯಾಸದ ವಾದ. ಅಮೆರಿಕದ ಜನಪದ ಸಂಗೀತವನ್ನೇ ಇದಕ್ಕೆ ನಿದರ್ಶನವಾಗಿ ಆರಿಸಿಕೊಳ್ಳಲು ಕಾರಣವಿದೆ. ಬಾಯಿಂದ ಬಾಯಿಗೆ ಸಾಗುವ ಹಾಡು ಸಾಮಾನ್ಯವಾಗಿ ತಾನು ಬಂದ ದಾರಿಯ ಗುರುತನ್ನು ಉಳಿಸುವುದಿಲ್ಲ. ಆ ದೇಶದಲ್ಲಾದರೋ ನೂರು ವರ್ಷಗಳಿಗೂ ಮಿಕ್ಕಿ ಸಂಗ್ರಾಹಕರ ಟಿಪ್ಪಣಿಗಳು, ಗ್ರಾಮಫೋನ್ ತಟ್ಟೆಗಳು, ಗ್ರಂಥಾಲಯದ ಧ್ವನಿಮುದ್ರಣಗಳು, ಕೊನೆಗೆ ನ್ಯಾಯಾಲಯದ ಕಡತಗಳು ಸಹ, ಒಂದು ಹಾಡು ಯಾರಿಂದ ಯಾರಿಗೆ ಬಂತು, ಯಾರ ಬಾಯಲ್ಲಿ ಹೇಗೆ ಬದಲಾಯಿತು ಎಂಬುದನ್ನು ದಾಖಲಿಸಿಟ್ಟಿವೆ. ಸೃಷ್ಟಿಕ್ರಿಯೆಯನ್ನು ಊಹೆಗೆ ಬಿಡದೆ ಹಂತಹಂತವಾಗಿ ಪರಿಶೀಲಿಸುವ ಅವಕಾಶ ಅಲ್ಲಿ ದೊರೆಯುತ್ತದೆ.

ಈ ಅಧ್ಯಯನ ಆರಂಭವಾದದ್ದು ಹಾಡುಗಾರರ ಅಂಗಳದಲ್ಲಲ್ಲ, ಹಸ್ತಪ್ರತಿಗಳ ನಡುವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರು, 1882ರಿಂದ 1898ರವರೆಗೆ ಪ್ರಕಟವಾದ ಸಂಪುಟಗಳಲ್ಲಿ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 305 ಕಥನಗೀತೆಗಳನ್ನು, ಅಂದರೆ ಒಂದು ಕಥೆಯನ್ನು ನುಡಿನುಡಿಯಾಗಿ ಹೇಳುತ್ತ ಹೋಗುವ ಹಾಡುಗಳನ್ನು, ಕ್ರಮಸಂಖ್ಯೆ ಕೊಟ್ಟು ಜೋಡಿಸಿದರು. ಆ ಸಂಪುಟಗಳಲ್ಲಿ ಮಟ್ಟುಗಳಿಗೆ ಸಿಕ್ಕ ಜಾಗ ತೀರ ಕಡಿಮೆ. ಹಾಡನ್ನು ಸಾಹಿತ್ಯಪಠ್ಯವೆಂದು ಕಂಡ ಕಾಲದ ಕೊರತೆ ಅದು. ಆದರೂ ಚೈಲ್ಡ್ ಮಾಡಿದ ಒಂದು ಕೆಲಸ ಮುಂದಿನ ಎಲ್ಲ ಚಿಂತನೆಗೆ ಬುನಾದಿಯಾಯಿತು: ಒಂದೊಂದು ಗೀತೆಗೂ ದೊರೆತ ಪಾಠಾಂತರಗಳನ್ನೆಲ್ಲ ಬೆಸೆದು ಒಂದೇ ಶುದ್ಧಪಾಠವನ್ನಾಗಿಸುವ ಗೊಡವೆಗೆ ಹೋಗದೆ, ಅವುಗಳನ್ನು ಒಂದರ ಪಕ್ಕ ಒಂದರಂತೆ ಅಚ್ಚುಹಾಕಿಸಿದರು. ಹಳಗನ್ನಡ ಕಾವ್ಯದ ಪಾಠಪರಿಷ್ಕರಣದಲ್ಲಿ ಪಳಗಿದವರಿಗೆ ಇದರ ಮಹತ್ವ ಬೇಗ ಹೊಳೆಯುತ್ತದೆ. ಕವಿಕೃತಿಯಲ್ಲಿ ಪಾಠಾಂತರವೆಂದರೆ ಬಹುಮಟ್ಟಿಗೆ ಲಿಪಿಕಾರನ ಸ್ಖಾಲಿತ್ಯ. ಜನಪದ ಹಾಡಿನಲ್ಲಿ ಪಾಠಾಂತರಗಳ ಹಿಂದೆ ಅಡಗಿರುವ ಮೂಲಪಾಠವೆಂಬುದೇ ಇಲ್ಲ, ಪಾಠಾಂತರಗಳ ಸಮೂಹವೇ ಹಾಡು.

ಚೈಲ್ಡ್ ಪುಸ್ತಕಗಳಲ್ಲಿ ಹುಡುಕಿದ ಹಾಡುಗಳನ್ನು ಸೆಸಿಲ್ ಶಾರ್ಪ್ ಬದುಕಿರುವ ಬಾಯಿಗಳಲ್ಲಿ ಹುಡುಕಿದರು. ಇಂಗ್ಲೆಂಡಿನವರಾದ ಅವರು, ಮಾಡ್ ಕಾರ್ಪೆಲಿಸ್ ಅವರೊಡನೆ, 1916ರಿಂದ 1918ರ ನಡುವೆ ಅಮೆರಿಕದ ಅಪಲಾಚಿಯನ್ ಬೆಟ್ಟಸಾಲಿನ ಹಳ್ಳಿಗಳಲ್ಲಿ ಅಲೆದು ಸಾವಿರಕ್ಕೂ ಹೆಚ್ಚು ಮಟ್ಟುಗಳನ್ನು ಕಿವಿಯಿಂದ ಕೇಳಿ ಸ್ವರಲಿಪಿಯಲ್ಲಿ ಬರೆದುಕೊಂಡರು. ಅದಕ್ಕೂ ಮೊದಲು 1907ರಲ್ಲಿಯೇ ಅವರು ಜನಪದ ಹಾಡಿನ ಬೆಳವಣಿಗೆಗೆ ಮೂರು ತತ್ತ್ವಗಳನ್ನು ಹೇಳಿದ್ದರು. ಹಳೆಯದು ಮುಂದುವರಿಯುವುದು ಸಾತತ್ಯ. ಒಬ್ಬೊಬ್ಬ ಹಾಡುಗಾರನ ಬಾಯಲ್ಲಿ ಅದು ಸ್ವಲ್ಪಸ್ವಲ್ಪ ಬೇರೆಯಾಗುವುದು ಮಾರ್ಪಾಡು. ಆ ಮಾರ್ಪಾಡುಗಳಲ್ಲಿ ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಸಮುದಾಯ ತಾನೇ ತೀರ್ಮಾನಿಸುವುದು ಆಯ್ಕೆ. ಈ ಮೂರರ ಪೈಕಿ ಮಾರ್ಪಾಡು ವ್ಯಕ್ತಿಯದು, ಆಯ್ಕೆ ಸಮೂಹದ್ದು ಎಂಬ ವಿವೇಚನೆ ವಿದ್ಯಾರ್ಥಿಗೆ ಬಹಳ ಮುಖ್ಯ. ಜನಪದವೆಂದರೆ ಗುಂಪು ಸೇರಿ ಒಟ್ಟಿಗೆ ಕಟ್ಟಿದ್ದು ಎಂಬ ಹಳೆಯ ಕಲ್ಪನೆಯೂ, ಕಲೆಯೆಂದರೆ ಒಂಟಿ ಪ್ರತಿಭೆಯ ಕೊಡುಗೆ ಎಂಬ ಕಲ್ಪನೆಯೂ ಇಲ್ಲಿ ಏಕಕಾಲಕ್ಕೆ ಸಡಿಲಗೊಳ್ಳುತ್ತವೆ. ಶಾರ್ಪ್ ಅವರ ದೃಷ್ಟಿಗೆ ಮಿತಿಯಿತ್ತು ಎಂಬುದನ್ನೂ ಹೇಳಬೇಕು. ಬೆಟ್ಟದ ಬಿಳಿಯರ ಬಾಯಲ್ಲಿ ಉಳಿದಿದ್ದ ಇಂಗ್ಲಿಷ್ ಮೂಲದ ಹಾಡುಗಳೇ ಅವರಿಗೆ ಬೇಕಾಗಿದ್ದುದರಿಂದ, ಅದೇ ನೆಲದಲ್ಲಿ ಆಫ್ರಿಕನ್ ಮೂಲದವರು ಹಾಡುತ್ತಿದ್ದುದು ಬಹುಮಟ್ಟಿಗೆ ಅವರ ಪುಸ್ತಕದ ಹೊರಗೇ ಉಳಿಯಿತು. ಆ ಬೆಟ್ಟಗಳಲ್ಲಿ ಮನೆಮಾತಾದ ಬ್ಯಾಂಜೋ ವಾದ್ಯವೇ ಸೋರೆಬುರುಡೆಯ ಆಫ್ರಿಕನ್ ತಂತಿವಾದ್ಯಗಳ ಸಂತಾನವಾಗಿರುವಾಗ ಈ ಲೋಪ ಸಣ್ಣದಲ್ಲ.

ಮುಂದಿನ ಪೀಳಿಗೆ ಕಾಗದ ಪೆನ್ಸಿಲುಗಳ ಬದಲು ಯಂತ್ರವನ್ನು ಹೊತ್ತು ಹೊರಟಿತು. ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿ 1928ರಲ್ಲಿ ಜನಪದ ಗೀತೆಗಳ ಸಂಗ್ರಹಾಗಾರ ಸ್ಥಾಪನೆಯಾಯಿತು. 1933ರಲ್ಲಿ ಜಾನ್ ಲೋಮ್ಯಾಕ್ಸ್ ಮತ್ತು ಅವರ ಮಗ ಆಲನ್, ಸುಮಾರು 140 ಕಿಲೋ ತೂಕದ ಧ್ವನಿಮುದ್ರಣಯಂತ್ರವನ್ನು ಕಾರಿನ ಹಿಂಬದಿಯಲ್ಲಿಟ್ಟುಕೊಂಡು ದಕ್ಷಿಣದ ಸೆರೆಮನೆಗಳಿಗೂ ಹೊಲಗಳಿಗೂ ಹೋದರು. ಲೂಯಿಸಿಯಾನದ ಅಂಗೋಲಾ ಸೆರೆಮನೆಯಲ್ಲಿ ಅವರಿಗೆ ಸಿಕ್ಕವರು ಲೆಡ್ ಬೆಲಿ ಎಂದು ಹೆಸರಾದ ಹಡ್ಡಿ ಲೆಡ್‌ಬೆಟರ್. ಅವರು ಹಾಡಿದ 'ಐರೀನ್' ಹಾಡಿನ ಚರಿತ್ರೆ ಜಾನಪದ ವಿದ್ಯಾರ್ಥಿಗಳೆಲ್ಲ ಮನನ ಮಾಡಬೇಕಾದ ಪಾಠ. ಅದನ್ನು ಲೆಡ್‌ಬೆಟರ್ ತಮ್ಮ ಚಿಕ್ಕಪ್ಪನಿಂದ ಕಲಿತರು. ಆದರೆ ಸಂಶೋಧಕರು ಅದರ ಬೇರನ್ನು 1886ರಲ್ಲಿ ಅಚ್ಚಾದ, ಗಸ್ಸಿ ಡೇವಿಸ್ ಎಂಬ ಕಪ್ಪು ಸಂಯೋಜಕರ ಜನಪ್ರಿಯ ಗೀತೆಯೊಂದಕ್ಕೆ ಜೋಡಿಸುತ್ತಾರೆ. ಅಂದರೆ ಪೇಟೆಯ ಹಾಡು ಮನೆಗೆ ಬಂದು, ಮನೆಯಲ್ಲಿ ಬದಲಾಗಿ, ಸೆರೆಮನೆಯಲ್ಲಿ ಧ್ವನಿಮುದ್ರಣಗೊಂಡು, ಲೆಡ್‌ಬೆಟರ್ 1949ರ ಡಿಸೆಂಬರಿನಲ್ಲಿ ತೀರಿಕೊಂಡ ಮರುವರ್ಷ ವೀವರ್ಸ್ ತಂಡದ ದನಿಯಲ್ಲಿ ದೇಶದ ಅತ್ಯಂತ ಜನಪ್ರಿಯ ಹಾಡಾಗಿ ಮತ್ತೆ ಪೇಟೆಗೆ ಹೋಯಿತು. ಜನಪದ ಮತ್ತು ವಾಣಿಜ್ಯ ಎಂಬ ಎರಡು ಖಾನೆಗಳ ನಡುವೆ ಗೋಡೆ ಎಬ್ಬಿಸಿಕೊಂಡ ವಿದ್ಯಾರ್ಥಿಗೆ ಈ ಹಾಡಿನ ಪಯಣ ಅರ್ಥವಾಗುವುದೇ ಇಲ್ಲ.

ಈ ಗೋಡೆಯ ಪೊಳ್ಳನ್ನು ಧ್ವನಿಮುದ್ರಿಕೆಗಳ ಚರಿತ್ರೆ ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಟೆನೆಸಿ ಮತ್ತು ವರ್ಜೀನಿಯಾಗಳ ಗಡಿಯಲ್ಲಿರುವ ಬ್ರಿಸ್ಟಲ್ ಪಟ್ಟಣದಲ್ಲಿ 1927ರಲ್ಲಿ ಮೊದಲ ಬಾರಿ ಹಾಡಿ ಮುದ್ರಿಸಿದ ಕಾರ್ಟರ್ ಕುಟುಂಬದ ಎ. ಪಿ. ಕಾರ್ಟರ್, ತಟ್ಟೆಗಳಿಗೆ ಹೊಸ ಹಾಡು ಬೇಕಾದಾಗ ಹಳ್ಳಿ ಹಳ್ಳಿ ಸುತ್ತಿ ಹಾಡು ಕಲೆಹಾಕುತ್ತಿದ್ದರು. ಜೊತೆಗಿದ್ದ ಕಪ್ಪು ಗಿಟಾರ್ ವಾದಕ ಲೆಸ್ಲಿ ರಿಡಲ್ ಮಟ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಕಾರ್ಟರ್ ಮಾತನ್ನು ಬರೆದುಕೊಳ್ಳುತ್ತಿದ್ದರು. ಹೀಗೆ ಇಪ್ಪತ್ತರ ದಶಕದ ಕೊನೆಯಲ್ಲೂ ಮೂವತ್ತರ ಆರಂಭದಲ್ಲೂ ಮಾರಾಟಕ್ಕೆಂದೇ ಮುದ್ರಣಗೊಂಡು ಮರೆತುಹೋಗಿದ್ದ ತಟ್ಟೆಗಳಿಂದ ಹ್ಯಾರಿ ಸ್ಮಿತ್ 84ನ್ನು ಆಯ್ದರು. ಅವನ್ನು 1952ರಲ್ಲಿ ಫೋಕ್‌ವೇಸ್ ಸಂಸ್ಥೆ 'ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್' ಎಂಬ ಹೆಸರಿನಲ್ಲಿ ಹೊರತಂದಿತು. ತಟ್ಟೆ ಕಂಪನಿಗಳು ಕಪ್ಪು ಗಾಯಕರನ್ನೂ ಬಿಳಿಯ ಗಾಯಕರನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಮಾರುತ್ತಿದ್ದವು. ಸ್ಮಿತ್ ಜನಾಂಗದ ಉಲ್ಲೇಖವನ್ನೇ ಕೈಬಿಟ್ಟು, ಕಥನಗೀತೆಗಳು, ಸಾಮೂಹಿಕ ಸಂಗೀತ, ಹಾಡುಗಳು ಎಂದಷ್ಟೇ ವಿಂಗಡಿಸಿದರು. ಕಿವಿಗೆ ಮೊದಲ ಮಣೆ ಹಾಕಿದ ಈ ಸಂಪಾದನೆ ಐವತ್ತರ ದಶಕದ ಯುವಕರಿಗೆ ಪಠ್ಯಪುಸ್ತಕವೇ ಆಯಿತು.

ಆ ಯುವಕರಲ್ಲಿ ಒಬ್ಬ ವಿದ್ಯಾರ್ಥಿಯ ಕಲಿಕೆಯನ್ನು ಹತ್ತಿರದಿಂದ ನೋಡುವುದು ಪ್ರಸ್ತುತ ವಾದಕ್ಕೆ ಅಗತ್ಯ. ಮಿನೆಸೋಟಾದ ಗಣಿ ಊರಾದ ಹಿಬ್ಬಿಂಗ್‌ನಲ್ಲಿ ಬೆಳೆದ ರಾಬರ್ಟ್ ಝಿಮ್ಮರ್‌ಮನ್ 1959ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯಕ್ಕೆ ಸೇರಿದರೂ ತರಗತಿಗಿಂತ ಹೆಚ್ಚಾಗಿ ಜನಪದ ತಟ್ಟೆಗಳ ಮುಂದೆ ಕುಳಿತರು, ಜನಪದ ಗಾಯಕ ವುಡಿ ಗಥ್ರಿಯ ಆತ್ಮಕಥೆಯನ್ನು ಓದಿದರು, ವರ್ಷವೊಂದರ ಬಳಿಕ ಓದನ್ನು ಬಿಟ್ಟು 1961ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದು ಬಾಬ್ ಡಿಲನ್ ಎಂಬ ಹೆಸರಿನಲ್ಲಿ ಹಾಡತೊಡಗಿದರು. 1962ರ ಮಾರ್ಚಿನಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಯ 13 ಹಾಡುಗಳಲ್ಲಿ ಸ್ವಂತದವು ಎರಡು ಮಾತ್ರ. 1963ರ ಮೇ ತಿಂಗಳಲ್ಲಿ ಬಂದ ಎರಡನೆಯದರಲ್ಲಿ ಬಹುಪಾಲು ಅವರವೇ. ಈ ಹದಿನಾಲ್ಕು ತಿಂಗಳ ಜಿಗಿತವನ್ನು ಪ್ರತಿಭೆಯ ಸ್ಫೋಟವೆಂದು ಬಣ್ಣಿಸುವುದು ರೂಢಿ. ಆದರೆ ಎರಡನೆಯ ಧ್ವನಿಮುದ್ರಿಕೆಯ ಹಾಡುಗಳನ್ನು ಬಿಡಿಸಿ ನೋಡಿದರೆ, ಮೊದಲನೆಯದರಲ್ಲಿ ಹಳೆಯ ಹಾಡುಗಳನ್ನು ಹಾಡಿದ ಕಲಿಕೆಯೇ ಅಲ್ಲಿ ಹೊಸ ಹಾಡು ಕಟ್ಟುವ ಕೆಲಸಕ್ಕೆ ತಿರುಗಿಕೊಂಡಿರುವುದು ಕಾಣುತ್ತದೆ.

'ಎ ಹಾರ್ಡ್ ರೈನ್ಸ್ ಎ-ಗಾನಾ ಫಾಲ್' ಹಾಡನ್ನೇ ತೆಗೆದುಕೊಳ್ಳಬಹುದು. ಅದರ ಅಡಿಯಲ್ಲಿರುವುದು ಚೈಲ್ಡ್ ಸಂಗ್ರಹದ 12ನೆಯ ಗೀತೆಯಾದ 'ಲಾರ್ಡ್ ರ‍್ಯಾಂಡಲ್'. ಆ ಗೀತೆಯಲ್ಲಿ ಕಾಡಿನಿಂದ ಬಳಲಿ ಬಂದ ಮಗನನ್ನು ತಾಯಿ ಎಲ್ಲಿದ್ದೆ, ಯಾರನ್ನು ಕಂಡೆ, ಏನು ಉಂಡೆ ಎಂದು ಕೇಳುತ್ತಾಳೆ. ಪ್ರತಿ ನುಡಿಯಲ್ಲೂ ಎರಡು ಸಾಲು ಪ್ರಶ್ನೆ, ಎರಡು ಸಾಲು ಉತ್ತರ, ಉತ್ತರದ ಕೊನೆಗೆ ಹಾಸಿಗೆ ಹಾಸಿಕೊಡೆಂಬ ಒಂದೇ ಕೋರಿಕೆ. ಮಗನಿಗೆ ವಿಷ ಹಾಕಲಾಗಿದೆ ಎಂಬುದನ್ನು ನಿರೂಪಕ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ, ಪ್ರಶ್ನೆಗಳು ಒಂದೊಂದಾಗಿ ಅತ್ತ ಕರೆದೊಯ್ಯುತ್ತವೆ. ಡಿಲನ್ ತಮ್ಮ ಹಾಡಿನಲ್ಲಿ ಎರಡು ಸಾಲಿನ ಪ್ರಶ್ನೆಯನ್ನೂ ಮರಳಿ ಬರುವ ಪಲ್ಲವಿಯನ್ನೂ ಹಾಗೆಯೇ ಉಳಿಸಿಕೊಂಡು, ನಡುವಣ ಉತ್ತರವನ್ನು ಮಾತ್ರ ತೆರೆದುಬಿಟ್ಟರು: ಮೊದಲ ನುಡಿಯಲ್ಲಿ ಐದು ಸಾಲಿನ ಉತ್ತರ, ಕೊನೆಯ ನುಡಿಯಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು. ಮಟ್ಟು ಒಂದೇ ಸ್ವರವಾಕ್ಯವನ್ನು ಬೇಕಾದಷ್ಟು ಸಲ ಹಿಡಿದು ನಿಲ್ಲುವುದರಿಂದ ದರ್ಶನದ ಮೇಲೆ ದರ್ಶನ ಬಂದು ಬೀಳಲು ಅವಕಾಶವಾಗುತ್ತದೆ, ಕೇಳುಗರು ಪಲ್ಲವಿ ಯಾವಾಗ ಬಂದೀತೆಂದು ಉಸಿರು ಬಿಗಿಹಿಡಿದು ಕಾಯುತ್ತಾರೆ. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನಿಂದ ಈ ಹಾಡು ಹುಟ್ಟಿತೆಂಬ ಮಾತು ಬಹಳವಾಗಿ ಹರಡಿದೆ. ಆದರೆ ಆ ಬಿಕ್ಕಟ್ಟು 1962ರ ಅಕ್ಟೋಬರಿನದು, ಹಾಡು ಸೆಪ್ಟೆಂಬರಿನಲ್ಲಿಯೇ ಸಭೆಯ ಮುಂದೆ ಬಂದಿತ್ತು. ಒಂದು ಮನೆಯ ದುರಂತವನ್ನು ಹೇಳಲು ನೂರಾರು ವರ್ಷ ಬಳಕೆಯಾಗಿದ್ದ ಪ್ರಶ್ನೋತ್ತರದ ಚೌಕಟ್ಟು ಒಂದು ಜಗತ್ತಿನ ದುರಂತಕ್ಕೂ ಸಾಕಾಗುವಷ್ಟು ಗಟ್ಟಿಯಾಗಿತ್ತು ಎಂಬುದೇ ಇಲ್ಲಿನ ಶೋಧ.

'ಬ್ಲೋಯಿಂಗ್ ಇನ್ ದ ವಿಂಡ್' ಹಾಡಿನ ಮಟ್ಟು ಗುಲಾಮಗಿರಿಯಿಂದ ಬಿಡುಗಡೆಗೊಂಡವರ 'ನೋ ಮೋರ್ ಆಕ್ಷನ್ ಬ್ಲಾಕ್' ಎಂಬ ಗೀತೆಯಿಂದ ಬಂದದ್ದೆಂದು ಡಿಲನ್ ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಆ ಮಟ್ಟನ್ನು ಬಲ್ಲ ಕೇಳುಗರಿಗೆ ಹೊಸ ಹಾಡಿನ ಪ್ರಶ್ನೆಗಳ ಹಿಂದೆ ಹರಾಜುಕಟ್ಟೆಯ ನೆನಪೂ ಕೇಳಿಸುತ್ತದೆ. ಹೊಸದಾಗಿ ಕಟ್ಟಿದ ಮಟ್ಟಿಗೆ ಆ ಆಳ ದಕ್ಕುತ್ತಿರಲಿಲ್ಲ. 2017ರ ನೊಬೆಲ್ ಉಪನ್ಯಾಸದಲ್ಲಿ ಅವರು, ಹಳೆಯ ಜನಪದ ಗಾಯಕರನ್ನು ಕೇಳುತ್ತ, ತಾವೂ ಹಾಡುತ್ತ ಹೋದಂತೆ ಆ ನುಡಿಗಟ್ಟು ಮೈಗೂಡುತ್ತದೆ ಎಂಬ ಅರ್ಥದ ಮಾತನ್ನು ಆಡಿದ್ದಾರೆ. ಮೌಖಿಕ ಮಹಾಕಾವ್ಯವನ್ನು ಕುರಿತು ಆಲ್ಬರ್ಟ್ ಲಾರ್ಡ್ ಅವರು 1960ರಲ್ಲಿ ಪ್ರಕಟಿಸಿದ ಗ್ರಂಥದ ತಿರುಳಿಗೂ ಇದು ಹೊಂದುತ್ತದೆ. ಅಂದಿನ ಯುಗೊಸ್ಲಾವಿಯದ ಗಾಯಕರು ಸಾವಿರಾರು ಸಾಲುಗಳನ್ನು ಉರುಹೊಡೆದು ಒಪ್ಪಿಸುತ್ತಿರಲಿಲ್ಲ, ಸಿದ್ಧಪದಪುಂಜಗಳನ್ನು, ಅಂದರೆ ಛಂದಸ್ಸಿಗೆ ಒಗ್ಗಿದ ಮಾತಿನ ಕಟ್ಟುಗಳನ್ನು, ಮೈಗೂಡಿಸಿಕೊಂಡು ಹಾಡುವಾಗಲೇ ಕಾವ್ಯವನ್ನು ಕಟ್ಟುತ್ತಿದ್ದರು ಎಂದು ಲಾರ್ಡ್ ತೋರಿಸಿದರು. ವಿದ್ಯಾರ್ಥಿಗೆ ಇದರಿಂದ ದೊರೆಯುವ ಲಾಭ ಸ್ಪಷ್ಟವಾದದ್ದು: ಮಟ್ಟು, ನುಡಿಯ ಕಟ್ಟು, ಪಲ್ಲವಿ ಇವು ಪರಂಪರೆಯಿಂದ ಸಿದ್ಧವಾಗಿ ಬಂದಾಗ ಮನಸ್ಸಿನ ಪೂರ್ಣ ಶಕ್ತಿ ಒಂದೇ ಜಾಗದಲ್ಲಿ, ಹೊಸದಾಗಿ ಹೇಳಬೇಕಾದ ಮಾತಿನಲ್ಲಿ, ನೆಲೆಗೊಳ್ಳುತ್ತದೆ.

ಡಿಲನ್ ಮಿನೆಸೋಟಾದಲ್ಲಿ ವಿದ್ಯಾರ್ಥಿಯಾದ ಅದೇ 1959ರಲ್ಲಿ ಮೈಸೂರಿನ ಎ. ಕೆ. ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು ಎಂಬುದನ್ನು ಕನ್ನಡ ಸಭೆಯೊಂದರಲ್ಲಿ ನೆನೆಯುವುದು ಉಚಿತ. ಭಾಷಾವಿಜ್ಞಾನದ ವ್ಯಾಸಂಗಕ್ಕೆ ಅವರು ಆರಿಸಿಕೊಂಡ ಆ ವಿದ್ಯಾಕೇಂದ್ರ ಅಮೆರಿಕದ ಜಾನಪದ ಅಧ್ಯಯನಕ್ಕೂ ಹೆಸರಾಗಿತ್ತು. ಕನ್ನಡದ ಹೆಂಗಸರು ಹೇಳಿದ ಕಥೆಗಳಲ್ಲಿ ಒಂದೊಂದು ಹೇಳಿಕೆಗೂ ಅದರದೇ ಅರ್ಥವಿದೆ ಎಂಬ ಅವರ ನಿಲುವು, ಪಾಠಾಂತರವೇ ಸೃಷ್ಟಿ ಎಂಬ ತತ್ತ್ವದ ಕನ್ನಡ ಫಲವೆಂದು ಭಾವಿಸಬಹುದು.

ಸೃಜನಶೀಲತೆಯ ಚರ್ಚೆ ಮಾತು ಮಟ್ಟುಗಳಲ್ಲೇ ಉಳಿದರೆ ಕೈಯ ಕೆಲಸ ಮರೆತುಹೋಗುತ್ತದೆ. ಉತ್ತರ ಕೆರೊಲಿನಾದ ಎಲಿಜಬೆತ್ ಕಾಟನ್ ಎಡಗೈಯವರು. ಬಾಲ್ಯದಲ್ಲಿ ಅಣ್ಣನ ಬ್ಯಾಂಜೋ ಎತ್ತಿಕೊಂಡು, ಬಳಿಕ ಮನೆಗೆಲಸದ ಸಂಬಳದಲ್ಲಿ ಕೊಂಡ ಗಿಟಾರ್ ಹಿಡಿದು, ಬಲಗೈಯವರಿಗೆಂದು ಕಟ್ಟಿದ ತಂತಿಗಳನ್ನು ಬದಲಿಸದೆ ವಾದ್ಯವನ್ನೇ ತಿರುಗಿಸಿ ನುಡಿಸಲು ಅವರು ಕಲಿತರು. ಬಲಗೈ ವಾದಕರ ಹೆಬ್ಬೆರಳು ಮಂದ್ರದ ತಂತಿಗಳನ್ನೂ ಉಳಿದ ಬೆರಳುಗಳು ಮೇಲಿನ ಸ್ವರಗಳನ್ನೂ ಮೀಟಿದರೆ, ತಂತಿಗಳು ತಲೆಕೆಳಗಾಗಿದ್ದ ಕಾಟನ್ ಅವರಿಗೆ ಬೆರಳುಗಳಿಂದ ಮಂದ್ರವನ್ನೂ ಹೆಬ್ಬೆರಳಿನಿಂದ ಹಾಡಿನ ಮಟ್ಟನ್ನೂ ನುಡಿಸದೆ ಗತಿಯಿರಲಿಲ್ಲ. ಆ ನಿರ್ಬಂಧದಿಂದ ಹುಟ್ಟಿದ ಶೈಲಿಗೆ ಇಂದು ಅವರ ಹೆಸರೇ ಇದೆ. 'ಫ್ರೈಟ್ ಟ್ರೇನ್' ಹಾಡನ್ನು ಅವರು ಕಟ್ಟಿದ್ದು ಇನ್ನೂ ಹುಡುಗಿಯಾಗಿದ್ದಾಗ. ಮುಂದೆ ದಶಕಗಳ ಕಾಲ ಗಿಟಾರ್ ಮುಟ್ಟದೆ ಇದ್ದ ಅವರು ವಾಷಿಂಗ್ಟನ್ನಿನಲ್ಲಿ ಮನೆಗೆಲಸಕ್ಕೆ ಸೇರಿದ್ದು ಚಾರ್ಲ್ಸ್ ಸೀಗರ್ ಮತ್ತು ರೂತ್ ಕ್ರಾಫರ್ಡ್ ಸೀಗರ್ ಅವರಲ್ಲಿ. ಸಂಗೀತಶಾಸ್ತ್ರಜ್ಞರಾದ ಆ ಮನೆಯ ಯಜಮಾನರು ಜನಪದ ಸಂಗೀತದ ಸಿದ್ಧಾಂತವನ್ನು ಕಟ್ಟಿದವರು. ಯಜಮಾನಿ ಲೋಮ್ಯಾಕ್ಸರ ಧ್ವನಿಮುದ್ರಣಗಳನ್ನು ಮತ್ತೆ ಮತ್ತೆ ಕೇಳಿ ಸೂಕ್ಷ್ಮಾತಿಸೂಕ್ಷ್ಮವಾಗಿ ಸ್ವರಲಿಪಿಗೆ ಇಳಿಸಿದವರು. ಜನಪದ ಸಂಗೀತವನ್ನೇ ಉಸಿರಾಡುತ್ತಿದ್ದ ಆ ಮನೆಯ ಅಡುಗೆಕೋಣೆಯಲ್ಲಿ ಅದರ ಶ್ರೇಷ್ಠ ಕಲಾವಿದೆಯೊಬ್ಬರು ಕೆಲಸ ಮಾಡುತ್ತಿದ್ದಾರೆಂಬುದು, ಗೋಡೆಯ ಮೇಲಿದ್ದ ಗಿಟಾರನ್ನು ಅವರು ಒಂದು ದಿನ ಇಳಿಸಿ ನುಡಿಸುವವರೆಗೆ ಯಾರಿಗೂ ತಿಳಿಯಲಿಲ್ಲ. ಆ ಮನೆಯ ಮಗ ಮೈಕ್ ಸೀಗರ್, ಕಾಟನ್ ಅವರ ಸಂಗೀತವನ್ನು ಮುದ್ರಿಸಿಕೊಂಡರು, 1958ರಲ್ಲಿ ಧ್ವನಿಮುದ್ರಿಕೆ ಹೊರಬಂತು. ವಕ್ತೃ, ಅಂದರೆ ಹಾಡನ್ನೋ ಕಥೆಯನ್ನೋ ಹೇಳಿಕೊಡುವ ವ್ಯಕ್ತಿ, ದೂರದ ಹಳ್ಳಿಯಲ್ಲೇ ಇರುತ್ತಾರೆಂಬ ಕ್ಷೇತ್ರಕಾರ್ಯದ ಪೂರ್ವಗ್ರಹವನ್ನು ತಿದ್ದಿಕೊಳ್ಳಲು ಇದಕ್ಕಿಂತ ಬಲವಾದ ನಿದರ್ಶನ ಬೇಕಿಲ್ಲ.

ಆದರೆ ಅಷ್ಟರಲ್ಲಿ 'ಫ್ರೈಟ್ ಟ್ರೇನ್' ಇಂಗ್ಲೆಂಡಿಗೆ ಹೋಗಿ, ಅಲ್ಲಿ ಬೇರೆಯವರ ಹೆಸರಿನಲ್ಲಿ ಹಕ್ಕುಸ್ವಾಮ್ಯ ಪಡೆದು, ಜನಪ್ರಿಯವೂ ಆಗಿತ್ತು. ಹಾಡು ಕಾಟನ್ ಅವರದೆಂದು ಸ್ಥಾಪಿಸಲು ಹೋರಾಡಬೇಕಾಯಿತು. ಋಣದ ಪ್ರಶ್ನೆ ತನ್ನ ನಿಜವಾದ ಭಾರದೊಡನೆ ಎದುರಾಗುವುದು ಇಲ್ಲಿಯೇ. ಪರಂಪರೆಯಿಂದ ಪಡೆಯುವ ಸ್ವಾತಂತ್ರ್ಯ ಎಲ್ಲರಿಗೂ ಇದೆ ಎಂದು ಹೇಳುವುದು ಸುಲಭ, ಆದರೆ ಪಡೆದದ್ದನ್ನು ತನ್ನ ಹೆಸರಿಗೆ ದಾಖಲಿಸಿಕೊಳ್ಳುವ ಸಾಮರ್ಥ್ಯ ಎಲ್ಲರಿಗೂ ಸಮನಾಗಿರಲಿಲ್ಲ. ಡಿಲನ್ ಅವರ 'ಮಾಸ್ಟರ್ಸ್ ಆಫ್ ವಾರ್' ಹಾಡಿನ ಮಟ್ಟು ಕೆಂಟಕಿಯ ಜೀನ್ ರಿಚಿ ಅವರ ಮನೆತನದಲ್ಲಿ ಉಳಿದುಬಂದ 'ನಾಟಮನ್ ಟೌನ್' ಗೀತೆಯದು. ರಿಚಿ ಸ್ವತಃ ಈ ವಿದ್ಯೆಯ ವಿದ್ಯಾರ್ಥಿ: ಅವರ ಮನೆತನದವರಿಂದಲೇ 1917ರಲ್ಲಿ ಸೆಸಿಲ್ ಶಾರ್ಪ್ ಹಾಡು ಬರೆದುಕೊಂಡಿದ್ದರು, ಮುಂದೆ 1952ರಲ್ಲಿ ಫುಲ್‌ಬ್ರೈಟ್ ವೇತನ ಪಡೆದ ರಿಚಿ ತಮ್ಮ ಮನೆಯ ಹಾಡುಗಳ ಬೇರು ಹುಡುಕುತ್ತ ಬ್ರಿಟನ್ ಮತ್ತು ಐರ್ಲೆಂಡಿಗೆ ಹೋದರು. ಡಿಲನ್ ಅವರು ಪಡೆದುಕೊಳ್ಳುವುದನ್ನು ಕಲಿತರೆ, ರಿಚಿ ಎಲ್ಲಿಂದ ಬಂತೆಂದು ಹೇಳುವುದನ್ನು ಕಲಿತರು. ಇವೆರಡನ್ನೂ ಒಂದೇ ತರಗತಿಯಲ್ಲಿ ಕಲಿಸದ ಸೃಜನಶೀಲ ಶಿಕ್ಷಣ ಅರ್ಧ ಶಿಕ್ಷಣವೇ ಸರಿ. ಹೊಸ ಹಾಡು ಕಟ್ಟಿ ತರುವ ವಿದ್ಯಾರ್ಥಿ ಅದರೊಡನೆ ಅದರ ಹಿಂದಿನ ರೂಪಗಳನ್ನೂ, ಅವನ್ನು ಹಾಡಿದವರ ಹೆಸರು ಊರುಗಳನ್ನೂ ಬರೆದುಕೊಡಬೇಕೆಂಬ ನಿಯಮವನ್ನು ಯಾವ ಸಂಗೀತ ವಿಭಾಗವಾದರೂ ನಾಳೆಯೇ ಜಾರಿಗೆ ತರಬಹುದು.

ಈ ಋಣವನ್ನು ತೀರಿಸುವ ಪ್ರಯತ್ನವೊಂದು ಕರ್ನಾಟಕದ ಶಾಲೆಗಳಲ್ಲೂ ಚಳವಳಿಗಳಲ್ಲೂ ಕನ್ನಡರೂಪ ತಾಳಿರುವ, ಹಿಂದಿಯಲ್ಲಿ ಗಿರಿಜಾಕುಮಾರ್ ಮಾಥುರ್ ಅವರ ಅನುವಾದದಿಂದ ದೇಶವೆಲ್ಲ ಬಲ್ಲ 'ವಿ ಶಲ್ ಓವರ್‌ಕಮ್' ಹಾಡಿನ ಚರಿತ್ರೆಯಲ್ಲಿದೆ. ಚಾರ್ಲ್ಸ್ ಟಿಂಡ್ಲಿ 1901ರಲ್ಲಿ ಪ್ರಕಟಿಸಿದ ಚರ್ಚಿನ ಗೀತೆಯೊಂದನ್ನು ಅದರ ಮೂಲಗಳಲ್ಲಿ ಒಂದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. 1945ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನ ತಂಬಾಕು ಕಾರ್ಖಾನೆಯ ಮುಷ್ಕರದಲ್ಲಿ ಕಪ್ಪು ಕಾರ್ಮಿಕ ಮಹಿಳೆಯರು ಚರ್ಚಿನ ಹಾಡನ್ನು ಬಹುವಚನಕ್ಕೆ ತಿರುಗಿಸಿ ಹಾಡಿದರು; ಅವರಿಂದ ಟೆನೆಸಿಯ ಹೈಲ್ಯಾಂಡರ್ ಶಾಲೆಯ ಝಿಲ್ಫಿಯಾ ಹಾರ್ಟನ್, ಹಾರ್ಟನ್ ಅವರಿಂದ ಜನಪದ ಗಾಯಕ ಪೀಟ್ ಸೀಗರ್ ಕಲಿತರು; 1960ರಲ್ಲಿ ಉತ್ತರ ಕೆರೊಲಿನಾದ ರಾಜಧಾನಿ ರ‍್ಯಾಲಿಯಲ್ಲಿ ಸೇರಿದ ವಿದ್ಯಾರ್ಥಿ ಹೋರಾಟಗಾರರಿಗೆ ಗಾಯಕ ಗೈ ಕ್ಯಾರವಾನ್ ಅದನ್ನು ಕಲಿಸಿದರು. ಸೀಗರ್ ಮತ್ತು ಜೊತೆಗಾರರ ಹೆಸರಿನಲ್ಲಿ ಹಕ್ಕುಸ್ವಾಮ್ಯ ಪಡೆದರೂ ಅದರ ರಾಯಲ್ಟಿಯನ್ನು ದಕ್ಷಿಣದ ಕಪ್ಪು ಸಮುದಾಯಗಳ ಸಾಂಸ್ಕೃತಿಕ ಕೆಲಸಕ್ಕೆ ನೆರವಾಗುವ ನಿಧಿಗೆ ಬಿಟ್ಟುಕೊಡಲಾಯಿತು. ಮುಂದೆ ಈ ಹಕ್ಕುಸ್ವಾಮ್ಯವೂ ನ್ಯಾಯಾಲಯಕ್ಕೆ ಹೋಯಿತು. ಹಳೆಯ ರೂಪದಲ್ಲಿ ಒಂದೆರಡು ಪದಗಳನ್ನು ಬದಲಿಸಿದ್ದನ್ನು ಸ್ವಂತಸೃಷ್ಟಿ ಎನ್ನಲಾಗದು ಎಂಬ ಕಾರಣದಿಂದ ಮೊದಲ ನುಡಿಯ ಹಕ್ಕುಸ್ವಾಮ್ಯವನ್ನು 2017ರಲ್ಲಿ ನ್ಯಾಯಾಲಯ ತಳ್ಳಿಹಾಕಿತು, 2018ರ ರಾಜಿಯಿಂದ ಹಾಡು ಸಾರ್ವಜನಿಕ ಸ್ವತ್ತಾಯಿತು. ಕಾನೂನಿನ ಅಳತೆಗೋಲಿನಲ್ಲಿ ಈ ತೀರ್ಮಾನ ಸರಿಯಾದದ್ದು, ಏಕೆಂದರೆ ಅಷ್ಟು ಸಣ್ಣ ಬದಲಾವಣೆ ಒಬ್ಬರ ಆಸ್ತಿಯಾಗಲಾರದು. ಆದರೆ ಶಾರ್ಪ್ ಅವರ ಮೂರು ತತ್ತ್ವಗಳನ್ನು ಅರಿತ ವಿದ್ಯಾರ್ಥಿ ಅದೇ ತೀರ್ಪನ್ನು ಮತ್ತೊಂದು ದಿಕ್ಕಿನಿಂದಲೂ ಓದಬಲ್ಲರು: ಏಕವಚನ ಬಹುವಚನವಾದದ್ದು, ಹಾಡಿನ ನಡೆ ನಿಧಾನವಾದದ್ದು, ಒಂದು ಪದದ ಜಾಗಕ್ಕೆ ಮತ್ತೊಂದು ಬಂದದ್ದು, ಇವು ಒಂದೊಂದೂ ಎಷ್ಟು ಸಣ್ಣವಾದರೂ, ಮುಷ್ಕರ ನಿರತ ಮಹಿಳೆಯರೂ ಸೆರೆಗೆ ಹೋದ ವಿದ್ಯಾರ್ಥಿಗಳೂ ತಮಗೆ ಬೇಕೆಂದು ಆಯ್ದುಕೊಂಡು ಉಳಿಸಿದ ಬದಲಾವಣೆಗಳಾದ್ದರಿಂದ, ಜನಪದ ಸೃಷ್ಟಿಯ ಇಡೀ ಕೆಲಸ ನಡೆದಿರುವುದು ಆ ಸಣ್ಣ ಬದಲಾವಣೆಗಳಲ್ಲಿಯೇ.